ತೊಟ್ಟಿಲ ಖೋಲಿ ಇಲ್ಲದ ವರದಿ

ಗದಗ ಹೊಸ ಜಿಲ್ಲೆಯಾದ ಮೊದಲ ವರ್ಷಗಳು. ನಾನು ಗದಗದಲ್ಲಿ ಕಚೇರಿ ಇಟ್ಟುಕೊಂಡು ಸಣ್ಣ ಕಂಪನಿಗಳ ಆಡಿಟ್, ವಾರ್ಷಿಕ ವರದಿ ನೋಡಿಕೊಳ್ಳುತ್ತಿದ್ದೆ. ಅವುಗಳಲ್ಲಿ ಲಕ್ಷ್ಮೇಶ್ವರದ ಒಂದು ಜಿನ್ನಿಂಗ್ ಫ್ಯಾಕ್ಟರಿಯೂ ಇತ್ತು. ಹತ್ತಿಯಿಂದ ಬೀಜ ಬೇರ್ಪಡಿಸಿ ಅರಳೆಯನ್ನು ಬೇಲ್ ಕಟ್ಟುವುದು ಅಲ್ಲಿನ ಕೆಲಸ. ಹೆಸರಿಗೆ ಪ್ರೈವೇಟ್ ಲಿಮಿಟೆಡ್, ಆದರೆ ಷೇರುಗಳೆಲ್ಲ ಮಾಲೀಕ ನಜೀರಸಾಬರ ಮನೆಯೊಳಗೇ ಇದ್ದವು.

ಅವರ ಬೇಲ್‌ಗಳನ್ನು ನೂಲಿನ ಗಿರಣಿಯವರು ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಅದು ಯಂತ್ರದ ಮಹಿಮೆಯಲ್ಲ, ಯಂತ್ರವೋ ಗುಜರಿಗೆ ಹಾಕುವಂಥದ್ದು. ಹತ್ತಿಯೊಳಗಿನ ಕಸ, ಕೂದಲು, ಗೋಣಿದಾರ ಆರಿಸುವ ಪಳಗಿದ ಹೆಂಗಸರು ಪ್ರತಿ ಹಂಗಾಮಿಗೂ ತಪ್ಪದೆ ಬರುತ್ತಿದ್ದರು. ಅವರನ್ನು ಹಿಡಿದಿಟ್ಟದ್ದು ಅಂಗಳದ ಮೂಲೆಯ ತೊಟ್ಟಿಲ ಖೋಲಿ, ಅಂದರೆ ತೊಟ್ಟಿಲು ಕಟ್ಟಿದ ಒಂದು ಕೋಣೆ. ಅಲ್ಲಿ ಒಬ್ಬ ಅಜ್ಜಿ ಅವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಹಾಲು, ಅಜ್ಜಿಯ ಪಗಾರ ಎಲ್ಲವೂ ನಜೀರಸಾಬರ ಮನೆಯಿಂದ. ಹೆಣ್ಣಾಳುಗಳು ಕಡಿಮೆ ಇದ್ದುದರಿಂದ ಇಂಥ ಖೋಲಿ ಇಡಬೇಕೆಂಬ ಕಾನೂನಿನ ಕಡ್ಡಾಯವೇನೂ ಇರಲಿಲ್ಲ.

ಹೊಸ ಯಂತ್ರಕ್ಕೆ ಬಂಡವಾಳ ಬೇಕಾದಾಗ ಹೊರಗಿನ ಕಂಪನಿಯೊಂದು ಹೆಚ್ಚುಪಾಲು ಷೇರು ಕೊಳ್ಳಲು ಮುಂದೆ ಬಂತು. ಅದು ಸಾಮಾಜಿಕ ಹೊಣೆಗಾರಿಕೆಯ ವರದಿ ಕೇಳಿತು. ಅಂದರೆ ಲಾಭದಾಚೆಗೆ ಕೆಲಸಗಾರರಿಗೆ, ಊರಿಗೆ ಏನು ಮಾಡುತ್ತೀರಿ ಎಂಬ ವಿವರ. ನಾನು ಉತ್ಸಾಹದಿಂದ ಖೋಲಿಯ ಸಂಗತಿಯನ್ನೇ ಮೊದಲು ಬರೆದೆ. ನಜೀರಸಾಬರು ಓದಿ, ಆ ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಇದು ನಮ್ಮ ಅಮ್ಮನ ಹೆಸರಿನ ಸದಕಾ ರೀ. ಡಂಗುರಾ ಹೊಡದ್ರ ಅದು ಸದಕಾ ಆಗಂಗಿಲ್ಲ."

ಸದಕಾ ಎಂದರೆ ದೇವರಿಗಾಗಿ ಸದ್ದಿಲ್ಲದೆ ಕೊಡುವ ದಾನ. ನಿಮ್ಮ ಹೆಸರು ಬೇಡ, ಕಂಪನಿಯ ಹೆಸರಿನಲ್ಲಿ ಬರೆಯೋಣ ಎಂದೆ.

"ಕಂಪನಿ ಅಂದ್ರ ಯಾರ್ರೀ? ನಾನ ಅಲ್ಲೇನು?"

ಷೇರು ಮಾರಿದ ಮೇಲೆ ನೀವಲ್ಲ ಎಂದು ಬಗೆಬಗೆಯಾಗಿ ಹೇಳಿದೆ. ಅವರು ನಕ್ಕು ಚಹಾ ತರಿಸಿದರು. ಕೊನೆಗೆ ವರದಿಯಲ್ಲಿ ಉಳಿದದ್ದು ಗೇಟಿನ ಬಳಿ ಸಸಿ ನೆಟ್ಟ ಸಂಗತಿ ಮಾತ್ರ.

ಷೇರುಗಳು ಕೈ ಬದಲಾದವು. ಹೊಸ ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಖೋಲಿಗೆ ಲೆಕ್ಕದಲ್ಲಿ ಜಾಗವಿರಲಿಲ್ಲ, ಹಾಗಾಗಿ ಬಿಡಿಭಾಗಗಳ ಗೋದಾಮು ಮಾಡಿದರು. ನಾನೂ ನಜೀರಸಾಬರೂ ಹೋಗಿ ಕೇಳಿಕೊಂಡೆವು. ವರದಿಯಲ್ಲಿ ಒಂದು ಸಾಲಿದ್ದಿದ್ದರೆ ಮೇಲಿನವರಿಗೆ ತೋರಿಸುತ್ತಿದ್ದೆ, ಈಗ ನನ್ನ ಮಾತು ಯಾರು ಕೇಳುತ್ತಾರೆ ಎಂದು ಮ್ಯಾನೇಜರರೂ ಪೇಚಾಡಿದರು. ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಹೊಸ ಆಳುಗಳ ಕೈ ಪಳಗಿರಲಿಲ್ಲ. ಹೊಸ ಯಂತ್ರ ಕಸದ ಅರಳೆಯನ್ನೇ ಭರಭರನೆ ಬೇಲ್ ಮಾಡಿತು, ಗಿರಣಿಗಳು ಲಾರಿಗಳನ್ನು ವಾಪಸ್ ಕಳಿಸಿದವು. ಮರುವರ್ಷದ ಹಂಗಾಮು ಮುಗಿಯುವ ಮೊದಲೇ ಫ್ಯಾಕ್ಟರಿಗೆ ಬೀಗ ಬಿತ್ತು.

ಒಡೆತನ ಒಂದೇ ಮನೆಯಲ್ಲಿರುವಷ್ಟು ದಿನ ಒಳ್ಳೆಯದು ಮಾಲೀಕನ ಮನಸ್ಸಿನಲ್ಲಿದ್ದರೂ ನಡೆಯುತ್ತದೆ, ಒಡೆಯ ಬದಲಾದಾಗ ಬರೆದದ್ದಷ್ಟೇ ಉಳಿಯುತ್ತದೆ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಆ ದಿನ ಸದಕಾದ ಬಗೆಗಿನ ನಜೀರಸಾಬರ ನಂಬಿಕೆ ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ.

ಬೀಗ ಬಿದ್ದ ಮೇಲೆ ನಜೀರಸಾಬರು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು.

"ಸದಕಾ ನಂದಿತ್ತು, ಖರೆ. ತೊಟ್ಟಿಲಾ ಆ ಹೆಣ್ಮಕ್ಕಳದಿತ್ತು ರೀ. ವರದಿಯಾಗ ಬರೀಲೇನು ಅಂತ ಅವರನ್ನ ನಾ ಕೇಳಲೇ ಇಲ್ಲ."