ಹಿಮ್ಮಡಿಯ ಮೇಲಿನ ಕೀಲು

ಮಗಳು ಹುಟ್ಟಿದಾಗ ಅವಳ ಎಡ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಬಾಣಂತನ ಮಾಡಲು ಗದಗದಿಂದ ಬಂದಿದ್ದ ಅವ್ವ, "ಗ್ರಹಣದ ದಿನ ಹೊರಗ ಹೋಗಿದ್ದೇನವಾ?" ಎಂದು ಮೆಲ್ಲಗೆ ಕೇಳಿದಳು. ಹೋಗಿರಲಿಲ್ಲ. ಆದರೂ ಬಸುರಿಯಾಗಿದ್ದಾಗ ಏನು ತಪ್ಪು ಮಾಡಿದೆನೆಂದು ಹುಡುಕುತ್ತಲೇ ಇದ್ದೆ.

ಆ ಹುಡುಕಾಟ ನಿಲ್ಲಿಸಿದವರು ಹೆಬ್ಬಾಳದ ಮೂಳೆ ಡಾಕ್ಟರಮ್ಮ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಪಾದವನ್ನು ನನ್ನ ಕೈಗಿಟ್ಟರು.

"ನಿಮ್ಮಿಂದ ಏನೂ ಆಗಿಲ್ಲ ಕಣ್ರೀ. ನೋಡಿ, ಮೇಲಿರೋದು ಕಣಕಾಲಿನ ಮೂಳೆ. ಒಂದು ಸ್ನಾಯುನೂ ಇದಕ್ಕೆ ಅಂಟ್ಕೊಂಡಿಲ್ಲ. ಕೆಳಗೆ ಹಿಮ್ಮಡಿ ಮೂಳೆ. ಇವೆರಡರ ಮಧ್ಯದ ಕೀಲಲ್ಲೇ ಪಾದ ಒಳಗೂ ಹೊರಗೂ ವಾಲೋದು. ಮಗೂದು ಒಳಗೆ ತಿರುಗಿ ನಿಂತ್ಬಿಟ್ಟಿದೆ. ಇನ್ನೂ ಎಲ್ಲಾ ಮೆತ್ತಗಿದೆ, ನಿಧಾನಕ್ಕೆ ತಿರುಗಿಸೋಣ."

ಮಗುವಿನ ಪಾದದ ಆ ಮೇಲಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಳಿದ ಪಾದವನ್ನು ಅದರಡಿಯಲ್ಲಿ ಚೂರೇ ಚೂರು ಹೊರಕ್ಕೆ ಸರಿಸಿ, ತೊಡೆಯವರೆಗೂ ಪ್ಲಾಸ್ಟರ್ ಹಾಕಿದರು. ಪ್ರತಿ ವಾರ ಬಿಚ್ಚುವುದು, ಇನ್ನಷ್ಟು ಸರಿಸುವುದು, ಮತ್ತೆ ಹಾಕುವುದು. ಮನೆಗೆ ಮರಳುವ ವಿದ್ಯಾರಣ್ಯಪುರದ ಬಸ್ಸಿನಲ್ಲಿ ಯಾರಾದರೊಬ್ಬರು "ಮಗು ಬಿದ್ದುಬಿಡ್ತಾ?" ಎಂದು ಕೇಳಿಯೇ ಕೇಳುವರು. ಬಿಚ್ಚಿದ ದಿನ ಮಾತ್ರ ಆ ಕಾಲಿಗೆ ಸ್ನಾನ. ಒಮ್ಮೆ ಎಣ್ಣೆ ಹಚ್ಚುತ್ತಿದ್ದ ಅವ್ವ ಕೈ ನಿಲ್ಲಿಸಿ ಹೇಳಿದಳು: "ಹೊರಳಾಕತ್ತೈತಿ. ಖರೇನ ಹೊರಳಾಕತ್ತೈತಿ."

ಕೊನೆಗೆ ಹಿಮ್ಮಡಿಯ ಹಿಂದೆ ಬಿಗಿದಿದ್ದ ಸ್ನಾಯುರಜ್ಜುವನ್ನು ಸಣ್ಣದಾಗಿ ಕೊಯ್ದು ಸಡಿಲಿಸಿದರು. ಆಮೇಲೆ, ಪಾದ ಮತ್ತೆ ಒಳಕ್ಕೆ ತಿರುಗದಂತೆ, ಎರಡನ್ನೂ ನಡುವೆ ಒಂದು ಕಂಬಿ ಸೇರಿಸಿದ್ದ ಜೋಡಿ ಬೂಟು. ವರ್ಷಗಟ್ಟಲೆ ಅದನ್ನು ಹಾಕಿಕೊಂಡೇ ಮಲಗಬೇಕು. ಅವಳು ಅತ್ತಾಗ ನನಗೇ ಬಿಚ್ಚಿಬಿಡುವ ಮನಸ್ಸಾಗುತ್ತಿತ್ತು. ಊರಿಗೆ ಹೋಗುವುದನ್ನು ಮುಂದೂಡುತ್ತಲೇ ಇದ್ದ ಅವ್ವ ಬಿಡಲಿಲ್ಲ. "ಇವತ್ತ ಅಳಲಿ, ನಾಳೆ ಓಡತಾಳ" ಎಂದು ಬೂಟಿನ ಸಮೇತ ಮಡಿಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು.

ಮಗಳೀಗ ಎರಡನೇ ಕ್ಲಾಸು. ಎಡ ಪಾದ ಇನ್ನೂ ಒಂದಿಷ್ಟು ಚಿಕ್ಕದು, ಮೀನಖಂಡವೂ ತೆಳು. ಈ ಬೇಸಿಗೆ ರಜೆಯಲ್ಲಿ ನಮ್ಮ ರಸ್ತೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಅವಳ ಸರದಿ ಬಂತು. ಬಲಗಾಲು ಮಡಚಿ, ಆ ಎಡಗಾಲಿನ ಮೇಲೆಯೇ ಹೊರಟಳು. ಗೇಟು ಹಿಡಿದು ನಿಂತಿದ್ದ ನನಗೆ ಕಾಣುತ್ತಿತ್ತು: ಪ್ರತಿ ಜಿಗಿತಕ್ಕೂ ಪಾದ ಕೊಂಚ ಒಳಗೆ, ಕೊಂಚ ಹೊರಗೆ ವಾಲಿ, ಇಡೀ ಮೈಯನ್ನು ಹಿಡಿದು ನಿಲ್ಲಿಸುತ್ತಿತ್ತು. ಒಂದು ಗೆರೆಯನ್ನೂ ತುಳಿಯದೆ ಬಿಲ್ಲೆ ಎತ್ತಿಕೊಂಡು ವಾಪಸ್ಸು ಬಂದಳು.

"ಗೆದ್ದೆ ಕಣೇ, ಈ ಮನೆ ನಂದು" ಎಂದು ಗೆಳತಿಯಿಂದ ಸೀಮೆಸುಣ್ಣ ಕಿತ್ತುಕೊಂಡಳು.

ಅಲ್ಲಿಂದಲೇ ಊರಲ್ಲಿದ್ದ ಅವ್ವನಿಗೆ ಫೋನ್ ಮಾಡಿ ಹೇಳಿದೆ.

"ಯಾವ ಕಾಲ್ಲೆ ಜಿಗದ್ಲು?" ಎಂದಳು.

"ಎಡಗಾಲ್ಲೆ."

ಆ ಕಡೆ ಬಾಗಿಲು ತೆರೆದ ಸದ್ದಾಯಿತು. ಗದಗದ ಓಣಿಯಲ್ಲಿ ಅವ್ವ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆಯುವುದು ಕೇಳಿಸುತ್ತಿತ್ತು.