ಪಾಲಮಲೆಯ ಸಾಕ್ಷಿ ಸಹಿ

ದೇವರು ಮೈಮೇಲೆ ಬರುವುದು, ಗಿಡದಲ್ಲಿ ಶಕ್ತಿ ಇರುವುದು, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಹೇಳಿದರೆ ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ತಮಿಳು ಸೀಮೆಯ ಪಾಲಮಲೆ ಬೆಟ್ಟದ ರೇಷನ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಾನು ಸೇಲಂನ ನೇಕಾರರ ಮನೆಯವನು. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು. ಕನ್ನಡದ ಒಂದಕ್ಷರವೂ ಆಗ ಬರುತ್ತಿರಲಿಲ್ಲ.

ಬೆಟ್ಟದ ಮೇಲೆ ಮಾದಮ್ಮ ಎಂಬ ವಯಸ್ಸಾದ ಹೆಂಗಸಿದ್ದರು, ಅಲ್ಲಿನವರ ಮಾತೂ ಕನ್ನಡವೇ. ಅವರ ಮನೆಯ ಹಿಂದೆ ಒಂದು ದೇವರ ಕಲ್ಲು, ಅದರ ಪಕ್ಕ ಎರಡು ಭಂಗಿ ಗಿಡ. ಅಮಾವಾಸ್ಯೆಯ ದಿನ ಆ ಸೊಪ್ಪನ್ನು ಚಿಲುಮೆಗೆ ತುಂಬಿ ದೇವರ ಮುಂದಿಟ್ಟು, ಆಮೇಲೆ ಹಿರಿಯರು ಒಂದೊಂದು ದಮ್ಮು ಎಳೆಯುತ್ತಿದ್ದರು. ಮಾದಮ್ಮನ ಮಾವನ ಕಾಲದಿಂದ ನಡೆದುಬಂದ ಪದ್ಧತಿ ಅದು.

ಒಂದು ಮಧ್ಯಾಹ್ನ ಪೊಲೀಸರು ಬಂದು, ಗಾಂಜಾ ಎಂದು ಎರಡನ್ನೂ ಕಿತ್ತರು. ಸಾಕ್ಷಿಗೆ ನನ್ನನ್ನು ಕರೆದರು. ಮಾರಲು ಬೆಳೆಸಿದ್ದು ಎಂದು ಕಾಗದದಲ್ಲಿ ಬರೆದಿತ್ತು.

"ಸಾಮಿ ಗಿಡ ಕಣಪ್ಪ ಅದು. ಮಾರಾಕೆ ಮಡಗಿದ್ದಲ್ಲ ಅಂತ ನಿಂಗೂ ಗೊತ್ತೈತಲ್ಲ. ನೀನಾದ್ರೂ ಸಾರ್‌ಗೆ ಒಂದ್ ಮಾತು ಏಳಪ್ಪ," ಎಂದರು ಮಾದಮ್ಮ.

ನನಗೆ ಗೊತ್ತಿತ್ತು. ಆದರೆ ಕೆಲಸ ಹೋದೀತೆಂಬ ಭಯ. ಎಂದಿನಂತೆ ತಮಿಳಿನಲ್ಲಿ ಸಹಿ ಹಾಕಿದೆ. ಕಾಗದದ ಮೇಲೆ ನನ್ನ ಹೆಸರು ಮೂಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಗಿಡ ಹಸಿಯಾಗಿತ್ತು, ಯಾರೂ ಸುಡಲಿಲ್ಲ. ಹೊಗೆ ಕುಡಿದು ತಲೆ ತಿರುಗಿತೆನ್ನಲು ಅಲ್ಲಿ ಹೊಗೆಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟೇಷನ್‌ಗೆ ಕರೆಸಿದರು. "ಎನ್ನಯ್ಯಾ ಇದು?" ಎಂದು ತಮಿಳಿನಲ್ಲಿ ಗದರಿ ಇನ್ಸ್‌ಪೆಕ್ಟರ್ ಆ ಕಾಗದವನ್ನು ನನ್ನತ್ತ ತಳ್ಳಿದರು. ಸಹಿ ಇರಬೇಕಾದಲ್ಲಿ, ನನ್ನದೇ ಪೆನ್ನಿನ ಶಾಯಿಯಲ್ಲಿ, ಬೇರೇನೋ ದುಂಡು ಅಕ್ಷರಗಳು. ಹೊಸೂರು ಕಡೆಯ ಕಾನ್‌ಸ್ಟೇಬಲ್ ಒಬ್ಬ ಬಗ್ಗಿ ನೋಡಿ, "ಕನ್ನಡ ಸಾರ್," ಎಂದು ಓದಿದ: "ನಾ ಕಾಣೆ."

ಗೋಡೆಯ ಪಕ್ಕ ಬೆಂಚಿನ ಮೇಲೆ ಮಾದಮ್ಮ ಕೂತಿದ್ದರು. ಅವರು ನನ್ನನ್ನೇ ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ಬೈದು, ಅದನ್ನು ಹರಿದು, ಹೊಸ ಕಾಗದ ಬರೆಸಿ ಮುಂದಿಟ್ಟರು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕಾದೆ. ಏನೂ ಆಗಲಿಲ್ಲ. ತಮಿಳಿನಲ್ಲಿ ಸಹಿ ಹಾಕಿದೆ. ಈ ಸಲ ಅದು ಹಾಗೆಯೇ ಉಳಿಯಿತು.

ಮಾದಮ್ಮ ಕೆಲವು ತಿಂಗಳು ಜೈಲಿನಲ್ಲಿದ್ದು ಬಂದರು. ರೇಷನ್ನಿಗೆ ಬಂದಾಗ ಹೆಬ್ಬೆಟ್ಟು ಒತ್ತಿ, ಅಕ್ಕಿ ಹಿಡಿದುಕೊಂಡು ಹೋದರು.

ಆಮೇಲೆ ನಾನು ಕನ್ನಡ ಅಕ್ಷರ ಕಲಿತೆ. ಆ ಎರಡು ಪದಗಳನ್ನು ಎಷ್ಟೋ ಸಲ ಬರೆದು ನೋಡಿದ್ದೇನೆ. ಅಂಥ ದುಂಡು ನನ್ನ ಕೈಗೆ ಬರುವುದಿಲ್ಲ. ಮೊದಲ ಕಾಗದದಲ್ಲಿ ಅದನ್ನು ಬರೆದವರು ಯಾರೆಂದು ಇಂದಿಗೂ ತಿಳಿಯದು. ಎರಡನೆಯ ಕಾಗದಕ್ಕೆ ಸಹಿ ಹಾಕಿದ್ದು ನಾನೇ.