ವಂಶ ಯಾರದು, ಕಲೆ ಯಾರದು

ನಾನು ಸಂಶೋಧನೆ ಮಾಡುವ ಕಾಯಿಲೆಯ ಹೆಸರು ಹೇಳಲು ನನ್ನ ಬಾಯೇ ತಿರುಗುವುದಿಲ್ಲ. ಮೈಮೇಲೆ ಚಹಾ ಚೆಲ್ಲಿದಂಥ ಕಲೆಗಳು, ಓದಿದ್ದು ತಲೆಯಲ್ಲಿ ನಿಲ್ಲದಿರುವುದು, ಕೆಲವರಿಗೆ ಕಣ್ಣಿನ ನರದಲ್ಲೋ ಮೆದುಳಿನಲ್ಲೋ ಗಡ್ಡೆ. ಒಂದೇ ಜೀನ್ ಕೆಟ್ಟರೆ ಇಷ್ಟೆಲ್ಲ ಹೇಗಾಗುತ್ತದೆ ಎಂದು ಹೈದರಾಬಾದಿನ ಲ್ಯಾಬಿನಲ್ಲಿ ಇಲಿಗಳನ್ನು ಕೇಳುತ್ತಿದ್ದೆ. ಇಲಿಗಳು ಮರ್ಯಾದಸ್ಥ ಪ್ರಾಣಿಗಳು, ಎದುರು ಮಾತಾಡುವುದಿಲ್ಲ. ಮನುಷ್ಯರನ್ನೂ ನೋಡೋಣವೆಂದು ನನ್ನೂರು ನಾರಾಯಣಖೇಡಕ್ಕೆ ಬಂದು, ಅಲ್ಲಿಂದ ಕಂಗ್ಟಿಯ ಬಸ್ಸು ಹತ್ತಿದೆ.

ಇಂಥ ಕಲೆಗಳ ಮಗುವಿದೆಯೆಂದು ಕೇಳಿ ಹೋದ ಮನೆಯಲ್ಲಿ ಎರಡನೇ ತರಗತಿಯ ಹುಡುಗಿ. ಹೊಟ್ಟೆ, ಬೆನ್ನಿನ ತುಂಬ ಕಲೆ, ಈಚೆಗೆ ಒಂದು ಕಣ್ಣು ಮಂಜು. ತಲೆಯ ಸ್ಕ್ಯಾನ್ ತಡವಾದರೆ ಕಣ್ಣೇ ಹೋದೀತು ಎಂದೆ. ತಾಯಿ ಕೂಡಲೇ ಹೊರಡಲು ಬಟ್ಟೆ ಮಡಚತೊಡಗಿದಳು. ಅವಳ ಅತ್ತೆ ಮಾತ್ರ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ಸ್ಕ್ಯಾನ್ ಯಾಕ್ರಿ? ಈಕಿ ಬಸರಿದ್ದಾಗ ಗ್ರಹಣ ಹಿಡದಿತ್ತು. ಬ್ಯಾಡಂದ್ರೂ ಕದ್ದು ಚಾ ಕುಡದಾಳ. ಅದೇ ಕಲಿ ಬಿದ್ದದ. ಅದಕ್ಕ ಮಶೀನ್ ಏನ್ ಮಾಡ್ತದ?"

ಚಹಾದಿಂದ ಕಲೆ ಬೀಳುವುದಾದರೆ ಇಡೀ ತಾಲೂಕೇ ಕಂದಾಗಿರಬೇಕಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು. ಜೀನ್ ಎಂದರೆ ಪ್ಯಾಂಟು ಎಂದುಕೊಂಡಾಳೆಂದು ಪಠ್ಯಪುಸ್ತಕದ ಪದ ಹಾಕಿದೆ: "ಚಾದಿಂದ ಅಲ್ಲ ಆಯಿ, ಇದು ವಂಶವಾಹಿಯಿಂದ ಬಂದದ್ದು."

ಮುದುಕಿಗೆ ಕೇಳಿಸಿದ್ದು ವಂಶ ಎಂಬುದಷ್ಟೇ. ಬೆನ್ನು ನೆಟ್ಟಗಾಯಿತು. "ವಂಶ ಅಂದ್ರ ನಮ್ಮದರಿ. ಈಕಿ ಹೊರಗಿಂದ ಬಂದಾಕಿ. ಈಕೀದೆಲ್ಲೀ ವಂಶ?"

"ಹಂಗಾದ್ರ ಕಲಿನೂ ನಿಮ್ಮದೇ ಆತಲ್ರಿ," ಎಂದಳು ಸೊಸೆ, ಮಡಚುತ್ತಿದ್ದ ಲಂಗದಿಂದ ತಲೆ ಎತ್ತದೆ.

ತಾಯಿಯಿಂದಲೂ ಬರಬಹುದು, ಯಾರಿಂದಲೂ ಬಾರದೆ ಹೊಸದಾಗಿಯೂ ಹುಟ್ಟಬಹುದು ಎಂದು ತಿದ್ದಲು ಬಾಯಿ ತೆರೆದೆ. ನನ್ನ ಮಾತು ಯಾರಿಗೆ ಬೇಕಿತ್ತು? ಮುದುಕಿ ಸೆರಗು ಸರಿಸಿ ನನಗೆ ಬೆನ್ನು ತೋರಿಸಿದಳು. ಅವೇ ಕಂದು ಕಲೆಗಳು, ನಡುನಡುವೆ ಮೆತ್ತನೆಯ ಸಣ್ಣ ಗಂಟುಗಳು.

"ನಮ್ಮವ್ವನೂ ಗ್ರಹಣದಾಗ ಏನರೆ ತಿಂದಿರಬೇಕು ಅಂತಿದ್ದೆ," ಎಂದಳು. "ಅಂದ್ರ ಇದು ಈ ಮನೀ ವಂಶದ್ದೂ ಅಲ್ಲ. ನನ್ನ ತವರಮನೀದು. ನಾನೂ ಹೊರಗಿಂದ ಬಂದಾಕಿನೇ."

ಹುಡುಗಿ ಹುಟ್ಟಿದಾಗಿನಿಂದ ಬೈಸಿಕೊಂಡ ಸೊಸೆಯ ಕೈ ಲಂಗದ ಮೇಲೆಯೇ ನಿಂತಿತ್ತು. ಮುದುಕಿ ಮೊಣಕಾಲು ಹಿಡಿದು ಹೊಸ್ತಿಲು ಬಿಟ್ಟು ಎದ್ದಳು. ಸೊಸೆಯ ಮುಖ ನೋಡಲಾಗದೆ ನನಗೇ ಹೇಳಿದಳು:

"ಆ ಮಶೀನ್‌ದಾಗ ಮೊದಲ ನನ್ನ ತಲಿ ಇಡ್ರಿ. ಅದು ನೋಡಿದ್ರ ಕೂಸು ಅಂಜಂಗಿಲ್ಲ."